ನಾಲ್ಕನೇ ಸ್ಲಾಟ್

ಒಂಬತ್ತನೆಯ ಸಲವೂ ಅದೇ ಆಯಿತು. ಗುಂಡಿ ಒತ್ತಿದೆ. ಫ್ಯಾನುಗಳು ಗಿರ್ರೆಂದು ತಿರುಗಿದವು. ಮೂರು ಎಣಿಸುವಷ್ಟರಲ್ಲಿ ಎಲ್ಲವೂ ನಿಂತಿತು, ಮತ್ತೆ ತಾನಾಗಿಯೇ ಗಿರ್ರೆಂದಿತು, ಮತ್ತೆ ನಿಂತಿತು. ಪರದೆ ಮಾತ್ರ ಕಪ್ಪಗೆ ಉಳಿಯಿತು.

“ಸತ್ತಿದೆ,” ಎಂದರು ಇನ್ಸ್‌ಪೆಕ್ಟರ್.

“ಸತ್ತಿದ್ರೆ ಏಳೋಕೆ ಇಷ್ಟು ಒದ್ದಾಡ್ತಿರ್ಲಿಲ್ಲ ಸರ್.”

ಗೋಡೆಯ ಗಡಿಯಾರದಲ್ಲಿ ಬೆಳಗಿನ ಹನ್ನೊಂದೂ ಹತ್ತು. ಮಧ್ಯಾಹ್ನ ಮೂರಕ್ಕೆ ನನ್ನ ಭಾವನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ. ಸೋಮವಾರ ಸಂಜೆ ಆರೂವರೆಗೆ ಇದೇ ಕಚೇರಿಯ ಮೆಟ್ಟಿಲ ಮೇಲೆ ತಲೆ ಒಡೆದುಕೊಂಡು ಬಿದ್ದ ಸ್ಥಿತಿಯಲ್ಲಿ ಸಿಕ್ಕ ಇಲ್ಲಿಯ ಎಂಜಿನಿಯರರು ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಅವರನ್ನು ತಳ್ಳಿದ್ದು ಭಾವನೇ ಎಂದು ಪೊಲೀಸರು ನಿನ್ನೆ ಭಾವನನ್ನು ಹಿಡಿದೊಯ್ದಿದ್ದಾರೆ. ಇಷ್ಟು ಗೊತ್ತಿದ್ದರೆ ಈ ವಾರಕ್ಕೆ ಸಾಕು.

ಭಾವ ಕಟ್ಟಡದ ಕೆಲಸದ ಮೇಸ್ತ್ರಿ. ಅವರು ಕಟ್ಟಿಸುತ್ತಿರುವ ಶಾಲೆಯ ಕಂಬಗಳ ಲೆಕ್ಕ ನೋಡುವವರು ಈ ಎಂಜಿನಿಯರರು. ಸೋಮವಾರ ಮಧ್ಯಾಹ್ನ ಕಂಬದ ವಿಚಾರಕ್ಕೇ ಇಬ್ಬರಿಗೂ ಜಗಳ ಹತ್ತಿ, ಕೆಳಗಿನ ಮಹಡಿಯ ದರ್ಜಿಯವನು ಹೊಲಿಗೆ ನಿಲ್ಲಿಸಿ ಕೇಳಿಸಿಕೊಂಡಿದ್ದ. ನಾಲ್ಕೂವರೆಗೆ ಹೊರಟುಬಂದೆ, ಆಗ ಎಂಜಿನಿಯರರು ಚೆನ್ನಾಗಿಯೇ ಕಂಪ್ಯೂಟರ್ ಮುಂದೆ ಕೂತಿದ್ದರು ಎಂದು ಭಾವ ಹೇಳುತ್ತಾರೆ. ಐದರಿಂದ ಏಳರವರೆಗೆ ಅವರು ಕಟ್ಟಡದ ಹತ್ತಿರ ಇದ್ದದ್ದಕ್ಕೆ ನಲವತ್ತು ಜನ ಕೂಲಿಯವರು ಸಾಕ್ಷಿ. ಆದರೆ ಎಂಜಿನಿಯರರು ಬಿದ್ದದ್ದು ಅದಕ್ಕೂ ಮೊದಲೇ ಎನ್ನುತ್ತಾರೆ ಪೊಲೀಸರು.

ಅಂದರೆ ಐದರ ನಂತರ ಎಂಜಿನಿಯರರು ಈ ಕಂಪ್ಯೂಟರಿನಲ್ಲಿ ಒಂದಕ್ಷರ ಒತ್ತಿದ್ದರೂ ಸಾಕು, ಭಾವ ಹೊರಗೆ. ಆ ಸಾಕ್ಷಿ ಈ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಸೋಮವಾರದಿಂದ ಏಳುತ್ತಿಲ್ಲ.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅಕ್ಕ ಕೂತಿದ್ದಳು. ಕೈಚೀಲವನ್ನು ತೊಡೆಯ ಮೇಲಿಟ್ಟು, ಅದರ ಹಿಡಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ನನಗಿಂತ ಆರು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು, ಶಾಲೆಗೆ ಸೇರಿಸಿದ್ದು, ನಾನು ರೇಡಿಯೋ ಬಿಚ್ಚಿ ಹಾಳುಮಾಡಿದಾಗ ಬೈಯದೆ ಇನ್ನೊಂದು ತಂದುಕೊಟ್ಟದ್ದು ಎಲ್ಲ ಅವಳೇ. ಅವಳ ಮುಖ ನೋಡಿದರೆ ಕೆಲಸ ಕೆಡುತ್ತಿತ್ತು. ಹಾಗಾಗಿ ನೋಡದೆ ಕೆಲಸ ಮಾಡುತ್ತಿದ್ದೆ.

ಇನ್ಸ್‌ಪೆಕ್ಟರಿಗೆ ಅವರ ಇಲಾಖೆಯ ತಂತ್ರಜ್ಞ ಒಂದು ಸುಲಭದ ದಾರಿ ಹೇಳಿಕೊಟ್ಟಿದ್ದನಂತೆ: ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ ಕಿತ್ತು, ಐದು ನಿಮಿಷ ಬಿಟ್ಟು ಹಾಕಿದರೆ ಎಂಥ ಮೊಂಡು ಕಂಪ್ಯೂಟರೂ ಏಳುತ್ತದೆ. ಅದನ್ನೇ ಮಾಡಿ ಮುಗಿಸಬಾರದೇ ಎಂದು ಅವರು ಎರಡನೆಯ ಸಲ ಕೇಳಿದರು.

ಮುಗಿಸಬಹುದು. ಆದರೆ ಬ್ಯಾಟರಿ ಕಿತ್ತರೆ ಯಾವ ಭಾಗ ಎಷ್ಟು ವೇಗದಲ್ಲಿ ಓಡಬೇಕು, ಎಷ್ಟು ವೋಲ್ಟ್ ಕುಡಿಯಬೇಕು ಎಂದು ಬೋರ್ಡು ನೆನಪಿಟ್ಟುಕೊಂಡದ್ದೆಲ್ಲ ಅಳಿಸಿಹೋಗುತ್ತದೆ. ಯಾರಾದರೂ ಅದನ್ನು ಕೆಡಿಸಿದ್ದರೆ ಆ ಗುರುತೂ ಅದರ ಜೊತೆ ಹೋಗುತ್ತದೆ. ಕಳ್ಳತನವಾದ ಮನೆಯನ್ನು ನೀವು ಬರುವ ಮೊದಲೇ ಗುಡಿಸಿ ಒರೆಸಿಟ್ಟರೆ ಒಪ್ಪುತ್ತೀರಾ ಎಂದು ಕೇಳಿದೆ. ಅವರು ಬ್ಯಾಟರಿಯ ಮಾತು ಬಿಟ್ಟರು. ಒಳ್ಳೆಯ ಮನುಷ್ಯ, ಕೇಳಬಾರದ ಪ್ರಶ್ನೆ ಕೇಳಿದರೂ ಕೊಟ್ಟ ಉತ್ತರ ಕೇಳಿಸಿಕೊಳ್ಳುತ್ತಾರೆ.

ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕುವ ಹಾಗೂ ಇಲ್ಲ. ಅದಕ್ಕೆ ಬೀಗವಿದೆ, ಬೀಗದ ಕೈ ಇದೇ ಬೋರ್ಡಿನೊಳಗಿದೆ. ಈ ಯಂತ್ರ ಜೋಡಿಸಿ ಹಾಗೆ ಮಾಡಿಕೊಟ್ಟವಳು, ಕಂಪ್ಯೂಟರ್ ಅಂಗಡಿಯವಳಾದ ನಾನೇ. ಆಗ ಭಾರಿ ಬುದ್ಧಿವಂತಿಕೆ ಮಾಡಿದೆ ಎಂದು ಬೀಗಿದ್ದೆ.

“ಮಾವನಿಗೆ ಈ ಓವರ್‌ಕ್ಲಾಕ್ ಹುಚ್ಚು ಜಾಸ್ತಿ ಆಗಿತ್ತು ಮೇಡಂ,” ಎಂದ ಎಂಜಿನಿಯರರ ಸೋದರಳಿಯ. “ಒಂದಲ್ಲ ಒಂದು ದಿನ ಸುಟ್ಟುಹೋಗತ್ತೆ ಅಂತ ನಾನು ಹೇಳ್ತಾನೇ ಇದ್ದೆ.”

ಅವನು ಮಾವನ ಕೈಕೆಳಗೆ ನಕ್ಷೆ ಬರೆಯುವವನು. ಮೂವತ್ತರ ಆಸುಪಾಸು, ನೀಟಾಗಿ ಮಡಿಚಿದ ತೋಳಿನ ಅಂಗಿ, ಕಿಸೆಯಲ್ಲಿ ಮೂರು ಪೆನ್ಸಿಲು. ಪೆಟ್ಟಿಗೆಯ ಒಳಗಿನದು ತನಗೆ ಎಳ್ಳಷ್ಟೂ ಗೊತ್ತಿಲ್ಲ, ಆನ್ ಮಾಡುವುದು, ಆಫ್ ಮಾಡುವುದು, ಗೆರೆ ಎಳೆಯುವುದು ಇಷ್ಟೇ ತನ್ನ ವಿದ್ಯೆ ಎಂದು ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದ. ಒಂದು ಸಲ ಹೇಳಿದ್ದರೆ ನಂಬುತ್ತಿದ್ದೆನೋ ಏನೋ.

ಹುಚ್ಚು ಎಂದದ್ದಕ್ಕೆ ನನಗೆ ಸಿಟ್ಟು ಬಂತು. ಕಾರ್ಖಾನೆಯವರು ಹೇಳಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಕಂಪ್ಯೂಟರನ್ನು ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಅವಸರಗೇಡಿಗಳ ಕೈಯಲ್ಲಿ ಅದು ಬೆಂಕಿಯೇ ಸರಿ. ಆದರೆ ಎಂಜಿನಿಯರರಂಥವರು ಈ ಊರಲ್ಲಿ ಇನ್ನೊಬ್ಬರಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸಿದ ಮೇಲೆ ಮೂರು ದಿನ ಓಡಿಸಿ ನೋಡುವುದು. ಆಮೇಲೆ ಆ ಅಂಕಿಯನ್ನು ಕೀಬೋರ್ಡಿನ ಬೆನ್ನಿಗೆ ಅಂಟಿಸಿದ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು. ಎರಡು ವರ್ಷದ ಹಿಂದೆ ನಾವಿಬ್ಬರೂ ಇದೇ ಮೇಜಿನ ಮುಂದೆ ಹದಿನೇಳು ದಿನ ಕೂತು ಈ ಯಂತ್ರವನ್ನು ಪಳಗಿಸಿದ್ದೆವು.

ಕೀಬೋರ್ಡ್ ಮಗುಚಿ ನೋಡಿದೆ. ರಟ್ಟು ಇತ್ತು. ಕೊನೆಯ ಸಾಲು ಎರಡು ತಿಂಗಳ ಹಿಂದಿನದು, ಪ್ರೊಸೆಸರಿನದು. ಮೆಮೊರಿಯ ಸಾಲು ಅದಕ್ಕಿಂತ ಹಳೆಯದು: ಮೂರು ಸಾವಿರದ ಆರುನೂರು, ಒಂದು ಪಾಯಿಂಟ್ ಮೂರು ಐದು ವೋಲ್ಟ್. ಅದಾದ ಮೇಲೆ ಎಂಜಿನಿಯರರು ಯಾವುದನ್ನೂ ಮುಟ್ಟಿಲ್ಲ. ಮುಟ್ಟಿದ್ದರೆ ಬರೆಯದೆ ಇರುವ ಜೀವ ಅದಲ್ಲ.

ಆಮೇಲೆ ಇನ್ಸ್‌ಪೆಕ್ಟರನ್ನು ಪೆಟ್ಟಿಗೆಯ ಹಿಂಬದಿಗೆ ಕರೆದು ಒಂದು ಚೀಟಿ ತೋರಿಸಿದೆ. ನನ್ನ ಅಂಗಡಿಯಿಂದ ಹೋಗುವ ಪ್ರತಿ ಪೆಟ್ಟಿಗೆಯ ಮುಚ್ಚಳದ ಸ್ಕ್ರೂ ಮೇಲೆ ತಾರೀಕು ಬರೆದು ಅಂಟಿಸುವ ಕಾಗದದ ಸೀಲು ಅದು. ಮುಚ್ಚಳ ಬಿಚ್ಚಿದರೆ ಹರಿಯಲೇಬೇಕು. ನಾಳೆ ಬಂದು ನೀವೇ ಕೆಡಿಸಿದಿರಿ ಎಂದು ಜಗಳಕ್ಕೆ ನಿಲ್ಲುವ ಗಿರಾಕಿಗಳಿಗೋಸ್ಕರ ಹಾಕುವುದು. ಸೀಲು ಇದ್ದ ಹಾಗೇ ಇತ್ತು, ಮೇಲೆ ಹದವಾಗಿ ಧೂಳೂ ಕೂತಿತ್ತು.

ಇದರಿಂದ ಏನು ಗೊತ್ತಾಯಿತು ಎಂದು ಅವರು ಕೇಳಿದರು.

“ಈ ಪೆಟ್ಟಿಗೆಯನ್ನ ಯಾರೂ ಬಿಚ್ಚಿಲ್ಲ. ಆದ್ರೂ ಕೆಟ್ಟಿದೆ. ಕೆಡಿಸಿದ್ರೆ ಕೀಬೋರ್ಡಿನಿಂದಲೇ ಕೆಡಿಸ್ಬೇಕು. ಅದು ನಮ್ಮ ಭಾವನ ಕೈಲಿ ಆಗೋ ಕೆಲಸ ಅಲ್ಲ ಸರ್. ಅವರಿಗೆ ಪರದೆ ಯಾವುದು, ಕಂಪ್ಯೂಟರ್ ಯಾವುದು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ.”

ಸ್ಟೂಲಿನ ಮೇಲೆ ಅಕ್ಕನ ತುಟಿ ಸ್ವಲ್ಪ ಸಡಿಲವಾಯಿತು. ಎರಡು ದಿನದಲ್ಲಿ ಮೊದಲ ಸಲ. ಭಾವ ಒಮ್ಮೆ ನನ್ನ ಅಂಗಡಿಯಲ್ಲಿ ಪರದೆಯ ಗುಂಡಿಯನ್ನೇ ಅರ್ಧ ಗಂಟೆ ಒತ್ತುತ್ತಾ ಕೂತು, ಕರೆಂಟಿಲ್ಲ ಎಂದು ಬೀದಿಯವರನ್ನೆಲ್ಲ ವಿಚಾರಿಸಿ ಬಂದಿದ್ದರು. ಅದು ಅವಳಿಗೂ ನೆನಪಾಗಿರಬೇಕು.

ಇನ್ಸ್‌ಪೆಕ್ಟರ್ ನಗಲಿಲ್ಲ. ತಾನಾಗಿಯೇ ಕೆಟ್ಟಿರಬಹುದಲ್ಲ ಎಂದರು. ಇರಬಹುದು. ಅದಕ್ಕೇ ಅವರ ಎದುರಿಗೇ ಸೀಲು ಕತ್ತರಿಸಿ, ಮುಚ್ಚಳ ತೆಗೆದು, ಒಂದೊಂದನ್ನೇ ಪರೀಕ್ಷಿಸಿದೆ. ವಿದ್ಯುತ್ ಕೊಡುವ ಡಬ್ಬಕ್ಕೆ ಮೀಟರ್ ಹಚ್ಚಿ ನೋಡಿದರೆ ಅದು ಸರಿಯಾಗಿತ್ತು. ಗ್ರಾಫಿಕ್ಸ್ ಕಾರ್ಡು ಕಿತ್ತಿಟ್ಟು ಪರದೆಯ ತಂತಿಯನ್ನು ಬೋರ್ಡಿಗೇ ಸಿಕ್ಕಿಸಿದೆ; ಅದೇ ಗಿರ್ರ್, ಅದೇ ಮೌನ. ಪ್ರೊಸೆಸರಿನ ಮೇಲಿನ ಫ್ಯಾನು ಬಿಗಿಯಾಗಿ ಕೂತಿತ್ತು, ಬಿಸಿಯಿಲ್ಲ, ಸುಟ್ಟ ವಾಸನೆಯಿಲ್ಲ.

ಆದರೆ ಪ್ರತಿ ಸಲ ಯಂತ್ರ ನಿಲ್ಲುವ ಮುನ್ನ ಬೋರ್ಡಿನ ಮೂಲೆಯಲ್ಲಿ ಒಂದು ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು. ಮೆಮೊರಿಯ ದೀಪ. ಯಂತ್ರ ತನಗೆ ಎಲ್ಲಿ ನೋವು ಎಂದು ಬೆರಳಿಟ್ಟು ತೋರಿಸುತ್ತಿದ್ದರೂ ಒಂಬತ್ತು ಸಲ ನಾನು ಪರದೆಯನ್ನೇ ನೋಡುತ್ತಾ ಕೂತಿದ್ದೆ.

ಒಳಗೆ ಬೆಳಕು ಸಾಲದೆಂದು ಸೋದರಳಿಯನನ್ನು ಪಕ್ಕದ ಕೋಣೆಯಿಂದ ಮೇಜಿನ ದೀಪ ತರಲು ಕಳಿಸಿದೆ. ಅವನು ಹೋದಾಗ ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದನ್ನು ಕಿತ್ತು ಬಟ್ಟೆಯ ಮೇಲಿಟ್ಟೆ. ಮೆಮೊರಿಯನ್ನು ಅಳತೆಮೀರಿ ಓಡಿಸಿದಾಗ ಎರಡು ಪಟ್ಟಿ ಒಟ್ಟಿಗೆ ಹೆಜ್ಜೆ ಹಾಕಲಾರದೆ ಎಡವಿದರೂ, ಒಂದೇ ಇದ್ದರೆ ಹೇಗೋ ಏಗಿಕೊಂಡು ಹೋಗುವುದುಂಟು. ಗುಂಡಿ ಒತ್ತಿದೆ.

ಗಿರ್ರ್. ನಿಂತಿತು. ಗಿರ್ರ್. ನಿಂತಿತು.

ಗಿರ್ರ್. ಈ ಸಲ ನಿಲ್ಲಲಿಲ್ಲ. ಹಳದಿ ದೀಪ ಮಿಣುಕಿ ಆರಿತು. ಪರದೆ ಬೆಳಗಿತು. ಓವರ್‌ಕ್ಲಾಕ್ ವಿಫಲವಾಗಿದೆ, ಸೆಟಪ್ಪಿಗೆ ಹೋಗಲು ಒಂದು ಗುಂಡಿ ಒತ್ತಿ ಎಂದು ಬಿಳಿ ಅಕ್ಷರಗಳು ಬಂದವು.

ಅಕ್ಕ ಎದ್ದು ನಿಂತಳು. ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದರು. ನಾನು ಮುಖದ ಮೇಲೆ ಏನೂ ತೋರಿಸಿಕೊಳ್ಳಲಿಲ್ಲ. ಒಳಗೊಳಗೇ ಹಿಗ್ಗಿ ಹೀರೇಕಾಯಾಗಿದ್ದೆ ಎಂಬುದನ್ನು ನಿಮಗೆ ಮಾತ್ರ ಹೇಳುತ್ತೇನೆ.

ಸೆಟಪ್ಪಿನ ಪರದೆಯಲ್ಲಿ ಪ್ರೊಸೆಸರಿನ ಅಂಕಿಗಳು ಕೀಬೋರ್ಡಿನ ರಟ್ಟಿನಲ್ಲಿದ್ದಂತೆ ಒಂದಿಷ್ಟೂ ಆಚೀಚೆಯಿಲ್ಲದೆ ಇದ್ದವು. ಮೆಮೊರಿಯದು ಬೇರೆ. ರಟ್ಟಿನಲ್ಲಿ ಮೂರು ಸಾವಿರದ ಆರುನೂರು ಇದ್ದ ಕಡೆ ಇಲ್ಲಿ ನಾಲ್ಕು ಸಾವಿರದ ಆರುನೂರು. ವೋಲ್ಟನ್ನು ಅದಕ್ಕೆ ತಕ್ಕಂತೆ ಏರಿಸುವ ಬದಲು ಇಳಿಸಿದ್ದರು. ಊಟ ಕಡಿಮೆ ಮಾಡಿ ಓಟ ಜಾಸ್ತಿ ಮಾಡು ಎಂದರೆ ಯಾರು ಓಡುತ್ತಾರೆ?

“ಯಾರೋ ಬೇಕಂತಲೇ ಮಾಡಿದಾರೆ,” ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ.

ಬೇಕೆಂದೇ ಮಾಡಿದ್ದು ಸರಿ. ಆದರೆ ನನ್ನ ಗಮನ ಹೋದದ್ದು ಮಾಡಿದ ರೀತಿಯ ಕಡೆಗೆ. ಯಂತ್ರವನ್ನು ಸುಡಬೇಕಾಗಿದ್ದರೆ ವೋಲ್ಟನ್ನು ಆಕಾಶಕ್ಕೇರಿಸುತ್ತಿದ್ದರು. ಇವರು ಇಳಿಸಿದ್ದಾರೆ. ಏಳಬಾರದು, ಆದರೆ ಸಾಯಲೂಬಾರದು. ಇಷ್ಟು ನಾಜೂಕಾಗಿ ಕೈಕಾಲು ಕಟ್ಟಿಹಾಕಲು ಕೆಲಸ ಚೆನ್ನಾಗಿ ಗೊತ್ತಿರಬೇಕು.

ಇನ್ನೊಂದು ಪುಟ ತಿರುಗಿಸಿದೆ. ಸರಿಯಾಗಿ ಓಡುವ ಅಂಕಿಗಳನ್ನು ಒಂದು ಹೆಸರಿಟ್ಟು ಕಾಯ್ದಿಡುವ ಜಾಗ ಅದು. ಎಂಜಿನಿಯರರ ಎರಡು ಹೆಸರು ನನಗೆ ಗೊತ್ತು: ಸಮ್ಮರ್, ವಿಂಟರ್. ಸೆಕೆಗಾಲಕ್ಕೊಂದು, ಚಳಿಗಾಲಕ್ಕೊಂದು. ಮೂರನೆಯದೊಂದು ಇತ್ತು. ಅದರ ಹೆಸರು ಓಲ್ಡ್.

ತೆರೆದು ನೋಡಿದರೆ ರಟ್ಟಿನ ಮೇಲಿನ ಅಂಕಿಗಳೇ ಒಂದೂ ಬಿಡದೆ ಇದ್ದವು.

ನನಗೆ ನಗು ತಡೆಯಲಾಗಲಿಲ್ಲ. ಓವರ್‌ಕ್ಲಾಕ್ ಮಾಡುವವರ ಕೈಗೆ ಅಂಟಿದ ರೂಢಿ ಇದು: ಏನನ್ನೇ ಮುಟ್ಟುವ ಮೊದಲು ಇದ್ದದ್ದನ್ನು ಒಂದು ಕಡೆ ಕಾಯ್ದಿಡುವುದು. ಯಂತ್ರವನ್ನು ಕೆಡಿಸಲೆಂದೇ ಕೂತವನು ಕೆಡಿಸುವ ಮೊದಲು, ಮತ್ತೆ ಸರಿಮಾಡಲು ಬೇಕಾದೀತೆಂದು ಎಲ್ಲವನ್ನೂ ಜೋಪಾನ ಮಾಡಿಟ್ಟಿದ್ದಾನೆ. ಬೇರೆ ಯಾವ ಅಪರಾಧಿಯೂ ಇಂಥ ತಪ್ಪು ಮಾಡಲಾರ. ನಮ್ಮವರು ಮಾತ್ರ ಮಾಡಿಯಾರು.

ಇನ್ಸ್‌ಪೆಕ್ಟರಿಂದ ಪರದೆಯ ಫೋಟೋ ತೆಗೆಸಿದೆ. ಹಳೆಯ ಅಂಕಿಗಳನ್ನು ವಾಪಸ್ಸು ತಂದು, ಉಳಿಸಿ, ಪೆಟ್ಟಿಗೆಯನ್ನು ಆರಿಸಿದೆ. ಹಿಂಬದಿಯ ದೊಡ್ಡ ಸ್ವಿಚ್ಚನ್ನು ಮಾತ್ರ ಬೇಕೆಂದೇ ಹಾಗೇ ಬಿಟ್ಟೆ. ಅಷ್ಟರಲ್ಲಿ ಸೋದರಳಿಯ ಮೇಜಿನ ದೀಪ ಹಿಡಿದು ಬಂದ.

ಇನ್ನೊಂದು ಪಟ್ಟಿ ಇಲ್ಲದೆಯೂ ಯಂತ್ರ ಏಳುತ್ತಿತ್ತು. ಆದರೆ ನನಗೆ ಬೇಕಾದದ್ದು ಬೇರೆ ಇತ್ತು. ದೀಪವನ್ನು ಒಂದು ಕೈಯಲ್ಲಿ ಹಿಡಿದು, ತಂತಿಗಳ ಗೊಂಚಲನ್ನು ಇನ್ನೊಂದು ಕೈಯಿಂದ ಪಕ್ಕಕ್ಕೆ ಸರಿಸಿ ಹಿಡಿದೆ.

“ನನ್ನ ಎರಡೂ ಕೈ ಖಾಲಿ ಇಲ್ಲ. ಬಟ್ಟೆ ಮೇಲಿರೋ ಆ ಪಟ್ಟೀನ ಸ್ವಲ್ಪ ಸಿಕ್ಕಿಸ್ಬಿಡ್ತೀರಾ?”

ಬೋರ್ಡಿನಲ್ಲಿ ಪಟ್ಟಿ ಕೂರಿಸುವ ನಾಲ್ಕು ಸ್ಲಾಟುಗಳಿವೆ. ಎರಡನೆಯದರಲ್ಲಿ ಒಂದು ಪಟ್ಟಿ ಇತ್ತು; ಅದರ ಜೋಡಿ ನಡುವೆ ಒಂದನ್ನು ಬಿಟ್ಟು ನಾಲ್ಕನೆಯದರಲ್ಲಿ ಕೂರಬೇಕು. ಗೊತ್ತಿಲ್ಲದವರು ಇನ್ನೊಂದನ್ನು ಅದರ ಪಕ್ಕಕ್ಕೇ ತುರುಕುತ್ತಾರೆ, ಇಲ್ಲವೇ ಎಲ್ಲಿಗೆ ಎಂದು ಕೇಳುತ್ತಾರೆ. ಹತ್ತೊಂಬತ್ತು ವರ್ಷದ ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಕೇಳದೆ ಸರಿಯಾದ ಜಾಗಕ್ಕೆ ಹಾಕಿದ್ದು ನಾನು ಕಂಡಿಲ್ಲ.

ಅವನು ಕೇಳಲಿಲ್ಲ. ಮೊದಲು ಎಡಗೈ ಪೆಟ್ಟಿಗೆಯ ಹಿಂದಕ್ಕೆ ಹೋಗಿ, ನೋಡದೆಯೇ, ದೊಡ್ಡ ಸ್ವಿಚ್ಚನ್ನು ಟಕ್ಕೆಂದು ಆರಿಸಿತು. ಆಮೇಲೆ ಬಲಗೈಯ ಎರಡು ಬೆರಳು ಪೆಟ್ಟಿಗೆಯ ಬರಿ ಕಬ್ಬಿಣವನ್ನು ಒಂದು ಕ್ಷಣ ಮುಟ್ಟಿದವು. ಮೈಯಲ್ಲಿರುವ ಸಣ್ಣ ಕರೆಂಟು ಮೆಮೊರಿಯನ್ನು ಸುಡದಿರಲೆಂದು ಕಸುಬಿನವರು ಮಾಡುವ ಕೆಲಸ ಅದು. ಪಟ್ಟಿಯನ್ನು ಅಂಚಿನಲ್ಲಿ ಹಿಡಿದೆತ್ತಿದ. ಮೂರನೆಯ ಸ್ಲಾಟನ್ನು ಬಿಟ್ಟು ನಾಲ್ಕನೆಯದರ ಚಿಲಕ ತೆರೆದ. ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿದ. ಟಕ್.

ನೋಡಲು ಸೊಗಸಾಗಿತ್ತು. ಬೆನ್ನು ತಟ್ಟಿ ಶಭಾಸ್ ಎನ್ನಬೇಕು ಅನ್ನಿಸಿತು.

“ಆನ್, ಆಫ್, ಗೆರೆ,” ಎಂದೆ. “ಇಷ್ಟೇ ಅಲ್ವಾ ನಿಮಗೆ ಬರೋದು?”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡ. ನಾಲ್ಕನೆಯ ಸ್ಲಾಟನ್ನು ನೋಡಿದ. ಆಮೇಲೆ ಇನ್ಸ್‌ಪೆಕ್ಟರನ್ನು ನೋಡಿದ. ಮುಖ ಬಿಳಿಚಿಕೊಂಡಿತು.

ಇನ್ಸ್‌ಪೆಕ್ಟರಿಗೆ ಸ್ಲಾಟಿನ ಶಾಸ್ತ್ರ ಗೊತ್ತಿರದಿದ್ದರೂ ಮುಖ ಓದುವುದು ಅವರ ಕಸುಬು. ಕಂಪ್ಯೂಟರ್ ಕೆಡಿಸಿದ್ದು ನೀವೇನಾ ಎಂದು ನೇರವಾಗಿ ಕೇಳಿದರು. ಅವನು ಕುರ್ಚಿಯ ತುದಿಯಲ್ಲಿ ಕೂತು ಹೌದೆಂದು ತಲೆಯಾಡಿಸಿದ. ಯಾವಾಗ ಎಂದರೆ, ಸೋಮವಾರ ಮಾವನನ್ನು ಆಂಬ್ಯುಲೆನ್ಸಿಗೆ ಹತ್ತಿಸಿದ ಮೇಲೆ, ಪೊಲೀಸರು ಬರುವ ಮೊದಲು. ಕಲಿತದ್ದು ಎಲ್ಲಿ ಎಂದರೆ, ಆ ಹದಿನೇಳು ದಿನ ನಮ್ಮಿಬ್ಬರ ಬೆನ್ನ ಹಿಂದೆ ನಿಂತು. ಯಾಕೆ ಮಾಡಿದಿರಿ ಎಂದದ್ದಕ್ಕೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

“ನಿಮ್ಮಿಂದ ಒಬ್ಬ ಮನುಷ್ಯ ನಿನ್ನೆಯಿಂದ ಲಾಕಪ್ಪಲ್ಲಿದಾನೆ,” ಎಂದಳು ಅಕ್ಕ. ಅವನು ಅವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಆಗಲೇ ಇನ್ಸ್‌ಪೆಕ್ಟರ ಫೋನು ಬಡಿದುಕೊಂಡಿತು. ಕೋರ್ಟಿನಿಂದ. ಬಾಗಿಲು ದಾಟಿ ಹೊರಗೆ ನಿಂತು, ಗಾಜಿನಾಚೆಯಿಂದ ಇವನ ಮೇಲೆ ಕಣ್ಣಿಟ್ಟುಕೊಂಡೇ ಮಾತಾಡತೊಡಗಿದರು. ಅಕ್ಕ ಮುಖ ತೊಳೆದು ಬರುತ್ತೇನೆಂದು ಒಳಗಿನ ನಲ್ಲಿಯ ಕಡೆ ಹೋದಳು.

ಸೋದರಳಿಯ ನನ್ನ ಕಡೆ ಬಾಗಿದ.

“ಇದನ್ನ ಈಗ ಆನ್ ಮಾಡ್ಬೇಡಿ ಮೇಡಂ.”

“ಯಾಕೆ?”

“ನಿಮ್ಮ ಭಾವನ್ನ ಹಿಡೀತಾರೆ ಅಂತ ನಂಗೆ ಗೊತ್ತಿರ್ಲಿಲ್ಲ. ಆಮೇಲೆ ಬಾಯಿಬಿಡೋಕೆ ಧೈರ್ಯ ಬರ್ಲಿಲ್ಲ. ನಾನು ಇದನ್ನ ನಿಮಗೋಸ್ಕರ ಮಾಡ್ದೆ.”

ನನಗೋಸ್ಕರವೇ? ತಲೆಬುಡವಿಲ್ಲದ ಮಾತು. ಸಿಕ್ಕಿಬಿದ್ದವರು ಕೊನೆಯ ಗಳಿಗೆಯಲ್ಲಿ ಏನೇನೋ ಎಸೆಯುತ್ತಾರೆ, ಎದುರಿನವರ ಕೈ ಒಂದು ಕ್ಷಣ ತಡವರಿಸಲೆಂದು. ಹಾಗೆಂದೇ ಅವನಿಗೆ ಹೇಳಿದೆ. ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಒಳಗೆ ಬಂದರು, ಅಕ್ಕನೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದಳು. ಒಂದು ನಿಮಿಷ ತಾಳಿದ್ದರೆ, ಅವನು ಹೇಳುವುದನ್ನು ಪೂರ್ತಿ ಕೇಳಿದ್ದರೆ ಏನಾಗುತ್ತಿತ್ತೋ. ನಾನು ತಾಳಲಿಲ್ಲ. ಗೆದ್ದ ಕೈ ಸುಮ್ಮನಿರಲು ಒಪ್ಪಲಿಲ್ಲ.

ದೊಡ್ಡ ಸ್ವಿಚ್ಚು ಹಾಕಿ ಗುಂಡಿ ಒತ್ತಿದೆ.

ಗಿರ್ರೆಂದಿತು. ಒಂದು, ಎರಡು, ಮೂರು. ನಾಲ್ಕು. ಐದು. ಹಳದಿ ದೀಪ ಹೊತ್ತಲಿಲ್ಲ. ಎರಡು ಪಟ್ಟಿ, ಹಳೆಯ ವೇಗ, ಹಳೆಯ ವೋಲ್ಟು. ಎಂಜಿನಿಯರರ ಯಂತ್ರ ನಿದ್ದೆ ಮುಗಿಸಿದವರ ಹಾಗೆ ನಿರಾಳವಾಗಿ ಎದ್ದು, ಗುಪ್ತಪದ ಕೇಳಿತು. ರಿಪೇರಿಯವಳಾದ ನನ್ನ ಬಳಿ ಅದಕ್ಕೆ ಬೇರೆಯದೇ ಒಂದು ಗುಪ್ತಪದವಿದೆ. ಹಾಕಿದೆ. ಒಳಗೆ ಬಂದೆವು.

ಸೋಮವಾರದ ದಾಖಲೆಯ ಪಟ್ಟಿ ತೆರೆದೆ. ಯಾವ ಹೊತ್ತಿಗೆ ಯಾರು ಏನು ಮಾಡಿದರು ಎಂಬುದೆಲ್ಲ ಸಾಲಾಗಿ ಇರುತ್ತದೆ. ಇನ್ಸ್‌ಪೆಕ್ಟರ್ ಕನ್ನಡಕ ಹಾಕಿಕೊಂಡರು. ಅಕ್ಕ ಬಂದು ನನ್ನ ಕುರ್ಚಿಯ ಪಕ್ಕ ನಿಂತು ನನ್ನ ಎಡಗೈ ಹಿಡಿದುಕೊಂಡಳು. ಅವಳ ಅಂಗೈ ನೀರಿನಿಂದ ಇನ್ನೂ ಒದ್ದೆಯಾಗಿತ್ತು.

ಐದೂ ನಲವತ್ತೆರಡು. ಎಂಜಿನಿಯರರ ಗುಪ್ತಪದದಿಂದ ಪ್ರವೇಶ.

ಐದೂ ನಲವತ್ತೊಂಬತ್ತು. ಶಾಲೆಯ ಕಂಬಗಳ ವರದಿ ಉಳಿಸಲಾಗಿದೆ.

ಇನ್ಸ್‌ಪೆಕ್ಟರ್ ಎರಡು ಸಾಲುಗಳನ್ನೂ ಎರಡೆರಡು ಸಲ ಓದಿದರು. ಗಡಿಯಾರ ಸರಿಯಾಗಿದೆಯೇ ಎಂದು ತಮ್ಮ ಕೈಗಡಿಯಾರದ ಜೊತೆ ತಾಳೆ ನೋಡಿದರು. ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಅಕ್ಕನ ಕಡೆ ತಿರುಗಿ, ಐದೂವರೆಯ ಮೇಲೂ ಎಂಜಿನಿಯರರು ಕೆಲಸ ಮಾಡಿದ್ದಾರೆ, ನಿಮ್ಮ ಯಜಮಾನರು ಆಗ ಕಟ್ಟಡದ ಹತ್ತಿರ ಇದ್ದರು, ಮೂರು ಗಂಟೆಗೆ ನಾನೇ ಕೋರ್ಟಿಗೆ ಹಾಗೆಂದು ತಿಳಿಸುತ್ತೇನೆ ಎಂದರು.

ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು. ಅಕ್ಕ ಅತ್ತಾಳೆಂದುಕೊಂಡೆ. ಅವಳು ಅಳಲಿಲ್ಲ. ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, “ಸಾಕು ಕಣೇ. ಮುಚ್ಚು ಅದನ್ನ. ಹೋಗಿ ಅವರನ್ನ ಕರ್ಕೊಂಡು ಬರೋಣ,” ಎಂದಳು.

ಮುಚ್ಚಬಹುದಿತ್ತು. ಆದರೆ ಪಟ್ಟಿಯನ್ನು ಕೊನೆಯವರೆಗೂ ನೋಡದೆ ಏಳುವ ಚಾಳಿ ನನಗಿಲ್ಲ. ಬೆರಳು ತಾನಾಗಿಯೇ ಮುಂದಿನ ಸಾಲಿಗೆ ಹೋಯಿತು.

ಐದೂ ಐವತ್ತೆಂಟು. ದೂರದ ಕಂಪ್ಯೂಟರಿನಿಂದ ಸಂಪರ್ಕ. ಹೆಸರು: ಕೌಂಟರ್ ಟೂ.

ಆರೂ ಏಳು. ಶಾಲೆಯ ಕಂಬಗಳ ವರದಿ ಅಳಿಸಲಾಗಿದೆ.

ಆರೂ ಹತ್ತು. ಸಂಪರ್ಕ ಕಡಿದಿದೆ.

ನನ್ನ ಬೆರಳು ಆ ಹೆಸರಿಗೇ ವಾಪಸ್ಸು ಹೋಯಿತು. ಸಣ್ಣಪುಟ್ಟ ತೊಂದರೆಗೆಲ್ಲ ಓಡಿಬರುವ ಬದಲು ಅಂಗಡಿಯಲ್ಲೇ ಕೂತು ಸರಿಮಾಡಿಕೊಡಲೆಂದು ನನ್ನ ಗಿರಾಕಿಗಳ ಕಂಪ್ಯೂಟರುಗಳಿಗೆಲ್ಲ ನಾನೇ ಒಂದು ದಾರಿ ಇಟ್ಟುಕೊಂಡಿದ್ದೇನೆ. ಆ ದಾರಿಯ ಬಾಗಿಲು ನನ್ನ ಅಂಗಡಿಯ ಎರಡನೆಯ ಮೇಜಿನ ಮೇಲಿದೆ. ಅದಕ್ಕೆ ಕೌಂಟರ್ ಟೂ ಎಂದು ಹೆಸರಿಟ್ಟವಳೂ ನಾನೇ.

ಸೋದರಳಿಯ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಇದ್ದದ್ದು ಭಯವಲ್ಲ, ಮರುಕ. ಸೋಮವಾರ ಮಾವನನ್ನು ಕಳಿಸಿ ಮೇಲೆ ಬಂದಾಗ ಪರದೆಯ ಮೇಲೆ ಉಳಿದಿದ್ದ ಸೂಚನೆಯಲ್ಲಿ ಆ ಹೆಸರು ಕಂಡಿರಬೇಕು, ವರದಿ ಇಲ್ಲದ್ದೂ ಗೊತ್ತಾಗಿರಬೇಕು. ವರದಿ ಅಳಿಸಿದವಳು ನಾನೇ ಎಂದುಕೊಂಡು, ನನ್ನಿಂದ ಕಲಿತ ವಿದ್ಯೆಯಿಂದಲೇ ನನ್ನನ್ನು ಬಚ್ಚಿಡಲು ನೋಡಿದ್ದಾನೆ.

“ಕೌಂಟರ್ ಟೂ,” ಎಂದು ಓದಿದರು ಇನ್ಸ್‌ಪೆಕ್ಟರ್. “ಇದು ಯಾವ ಕಂಪ್ಯೂಟರು?”

“ನನ್ನ ಅಂಗಡೀದು.”

“ಸೋಮವಾರ ಆರು ಗಂಟೆಗೆ ಅದರ ಮುಂದೆ ಯಾರಿದ್ರು?”

ಸೋಮವಾರ ನಾಲ್ಕಕ್ಕೆ ನಾನು ಹೊರಗಿನ ಕೆಲಸಕ್ಕೆ ಹೊರಟಾಗ ಅಂಗಡಿಯ ಬೀಗದ ಕೈ ಕೊಟ್ಟದ್ದು ಅಕ್ಕನಿಗೆ. ನಾನಿಲ್ಲದಾಗ ಎರಡನೆಯ ಮೇಜಿನಲ್ಲಿ ಕೂತು ಗಿರಾಕಿಗಳನ್ನು ನೋಡಿಕೊಳ್ಳುವವಳು ಅವಳೇ. ಮಂಗಳವಾರ ಇದೇ ಇನ್ಸ್‌ಪೆಕ್ಟರ್ ಕೇಳಿದಾಗ, ಸಂಜೆಯೆಲ್ಲ ಮನೆಯಲ್ಲೇ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ ಎಂದು ಅವಳು ಹೇಳಿದ್ದಳು. ಗಾಬರಿಯಲ್ಲಿ ಮರೆತಿದ್ದಾಳೆಂದು ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದ್ದೆ.

ನನ್ನ ಕೈ ಹಿಡಿದಿದ್ದ ಅವಳ ಬೆರಳುಗಳು ಮಂಜುಗಡ್ಡೆಯ ಹಾಗೆ ತಣ್ಣಗಾಗಿದ್ದವು. ಕಂಬದ ಲೆಕ್ಕ ಸರಿಯಿಲ್ಲವೆಂದು ವರದಿ ಹೋದರೆ ಭಾವನ ಕೆಲಸ ಹೋಗುತ್ತಿತ್ತು. ಅಷ್ಟೇ ಯೋಚಿಸಿದ್ದಳೋ, ಇಲ್ಲ ಅಂಗಡಿ ಮುಚ್ಚಿ ಈ ಮೆಟ್ಟಿಲವರೆಗೂ ಬಂದಿದ್ದಳೋ, ನನಗೆ ಗೊತ್ತಿರಲಿಲ್ಲ. ನನ್ನ ಅಂಗಡಿಯಿಂದ ಇಲ್ಲಿಗೆ ನಡೆದರೆ ಹತ್ತು ನಿಮಿಷ.

“ನಾನೇ ಇದ್ದೆ,” ಎಂದೆ.

ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಮಡಿಚಿದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ.

“ಸೋಮವಾರ ಐದರಿಂದ ಏಳರ ತನಕ ನೀವು ನಮ್ಮ ಠಾಣೇಲಿ, ನನ್ನ ಮೇಜಿನ ಕೆಳಗೆ ಮಲಗಿ ಪ್ರಿಂಟರಿನ ತಂತಿ ಎಳೀತಿದ್ರಿ. ಟೀ ತರಿಸ್ಕೊಟ್ಟಿದ್ದು ನಾನು. ಎಂಜಿನಿಯರ್ ಬಿದ್ದಿದಾರೆ ಅಂತ ಫೋನ್ ಬಂದಾಗ್ಲೂ ನೀವು ಅಲ್ಲೇ ಇದ್ರಿ.” ಪುಸ್ತಕದ ಹೊಸ ಹಾಳೆ ತಿರುವಿ ಪೆನ್ನು ಹಿಡಿದರು. “ಇನ್ನೊಂದ್ಸಲ ಕೇಳ್ತೀನಿ ಮೇಡಂ. ಯಾರಿದ್ರು?”

ಅಕ್ಕ ನನ್ನ ಕೈ ಬಿಟ್ಟಳು.

“ನೀನು ಹೇಳ್ತೀಯೋ,” ಎಂದಳು, “ನಾನೇ ಹೇಳ್ಲೋ?”